ಆಲ್ಬಮ್‌ನಲ್ಲಿ ಕೇಳಿದ್ದು ಮೈದಾನದಲ್ಲಿ ಯಾಕೆ ಸಿಗುವುದಿಲ್ಲ?

ಸಾವಿರಾರು ರೂಪಾಯಿ ಟಿಕೆಟ್, ಎರಡು ತಾಸು ಟ್ರಾಫಿಕ್, ಕೊನೆಗೆ ಮೈದಾನದ ಹಿಂತುದಿಯಲ್ಲಿ ಕಾಲೂರಲು ಒಂದಿಷ್ಟು ಜಾಗ. ನೆಚ್ಚಿನ ಬ್ಯಾಂಡ್ ವೇದಿಕೆಗೆ ಬಂತು, ಲೈಟು ಬಿತ್ತು, ಹಾಡು ಶುರುವಾಯಿತು. ಕಿವಿಗೆ ಬಿದ್ದದ್ದು ಮಾತ್ರ ಧಬ್ ಧಬ್ ಎನ್ನುವ ಬೇಸು, ಅದರ ಹಿಂದೆಲ್ಲೋ ಕಂಬಳಿ ಹೊದ್ದು ಹಾಡಿದಂಥ ದನಿ. ಮನೆಗೆ ಹೊರಡುವಾಗ ತೀರ್ಪು ಸಿದ್ಧ: ‘ಲೈವ್‌ನಲ್ಲಿ ಇವರದ್ದು ಅಷ್ಟಕ್ಕಷ್ಟೇ ಕಣೋ.’

ಬ್ಯಾಂಡ್‌ಗಳು ನಿಜಕ್ಕೂ ಕೆಟ್ಟದಾಗಿ ನುಡಿಸುವುದುಂಟು, ಅದಕ್ಕೆ ಆಮೇಲೆ ಬರೋಣ. ಆದರೆ ಬ್ಯಾಂಡ್ ಒಂದು ಸ್ವರ ತಪ್ಪುವ ಮೊದಲೇ ಗಾಳಿ, ಕಟ್ಟಡ, ಗಡಿಯಾರ ಮೂರೂ ಸೇರಿ ಅರ್ಧ ಕೆಲಸ ಕೆಡಿಸಿರುತ್ತವೆ. ಯಾವುದು ಯಾರ ತಪ್ಪು ಎಂದು ಅಲ್ಲಿ ನಿಂತೇ ಹೇಳಲು ಬರುತ್ತದೆ, ಸದ್ದು ನಡೆದು ಬರುವ ದಾರಿ ಗೊತ್ತಿದ್ದರೆ.

ಗಾಳಿಯ ಪಾಲು

ಬಯಲಿನಲ್ಲಿ ಒಂದು ಸ್ಪೀಕರ್‌ನಿಂದ ನಿಮ್ಮ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಇಳಿಯುತ್ತದೆ. 10 ಮೀಟರ್‌ನಲ್ಲಿ 100 ಡೆಸಿಬೆಲ್ ಇದ್ದದ್ದು 20ರಲ್ಲಿ 94, 40ರಲ್ಲಿ 88, 80ರಲ್ಲಿ 82. ಪಕ್ಕದಲ್ಲಿ ನಿಂತವನು ಗಂಟಲು ಹರಿಯುವಂತೆ ಕೂಗಿ ಹಾಡುತ್ತಿದ್ದರೆ ಅವನ ಸದ್ದೇ ನಿಮ್ಮ ಕಿವಿಯಲ್ಲಿ ಇದನ್ನು ಮೀರುತ್ತದೆ. ವೇದಿಕೆಯ ಎರಡೂ ಬದಿಗೆ ಬಾಳೆಗೊನೆಯ ಹಾಗೆ ಬಾಗಿ ತೂಗುವ ಸ್ಪೀಕರ್ ಸಾಲನ್ನು, ಅಂದರೆ ಲೈನ್ ಅರೇಯನ್ನು, ಕಂಡುಹಿಡಿದದ್ದೇ ಇದಕ್ಕಾಗಿ. ಹಲವು ಪೆಟ್ಟಿಗೆಗಳು ಒಂದಾಗಿ ಕೆಲಸ ಮಾಡುವುದರಿಂದ ಒಂದಷ್ಟು ದೂರದವರೆಗೆ ಇಳಿಕೆ ಇಮ್ಮಡಿಗೆ 3 ಡೆಸಿಬೆಲ್ ಮಾತ್ರ. ಆ ಗಡಿ ದಾಟಿದ ಮೇಲೆ ಮತ್ತೆ ಹಳೆಯ ಲೆಕ್ಕವೇ.

ಸದ್ದು ಬರೀ ಸಣ್ಣದಾಗುವುದಿಲ್ಲ, ಅದರ ಬಣ್ಣವೂ ಬದಲಾಗುತ್ತದೆ. ಗಾಳಿ ತಾರಸ್ಥಾಯಿಯನ್ನು ನುಂಗುತ್ತದೆ, ಮಂದ್ರವನ್ನು ಹಾಗೇ ಬಿಟ್ಟುಬಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್, ಶೇ. 70 ತೇವಾಂಶದಲ್ಲಿ 8 ಕಿಲೋಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 8,000 ಸಲ ಕಂಪಿಸುವ, ಸದ್ದು 100 ಮೀಟರ್ ದಾಟುವಷ್ಟರಲ್ಲಿ ಗಾಳಿಯೊಂದೇ ಸುಮಾರು 8 ಡೆಸಿಬೆಲ್ ಕಿತ್ತುಕೊಂಡಿರುತ್ತದೆ. ಒಣಹವೆಯಾದರೆ ಇನ್ನೂ ಕೆಟ್ಟದ್ದು: 15 ಡಿಗ್ರಿ, ಶೇ. 20 ತೇವಾಂಶದಲ್ಲಿ ನಷ್ಟ 20 ಡೆಸಿಬೆಲ್. ಅದೇ 100 ಮೀಟರ್‌ನಲ್ಲಿ 125 ಹರ್ಟ್ಸ್‌ನ ಬೇಸ್ ಕಳೆದುಕೊಳ್ಳುವುದು ಲೆಕ್ಕಕ್ಕೇ ಬಾರದಷ್ಟು. ಹಾಡಿನ ಮಾತು ತಿಳಿಯುವುದು ಸ, ಚ, ತ, ಕ ಥರದ ವ್ಯಂಜನಗಳಿಂದ, ಅವು ಕೂತಿರುವುದು ಮೇಲಿನ ಸ್ಥಾಯಿಗಳಲ್ಲಿ. ಅವು ಹೋದ ಮೇಲೆ ಉಳಿಯುವುದು ‘ಆ ಊ ಓ’. ಕಂಬಳಿ ಹೊದ್ದ ದನಿ ಇದೇ.

ಹಾಗಾದರೆ ಊರ ಜಾತ್ರೆಯಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್‌ನ ಹಾಡು ಎರಡು ಗದ್ದೆ ಆಚೆಗೂ ಅಕ್ಷರಕ್ಷರ ಕೇಳುತ್ತದಲ್ಲ? ಹಾರ್ನ್ ಬೇಸನ್ನು ಮುಟ್ಟುವುದೇ ಇಲ್ಲ. ತನ್ನ ಶಕ್ತಿಯನ್ನೆಲ್ಲ ಮಾತು ಕೂತಿರುವ ನಡುವಿನ ಸ್ಥಾಯಿಗಳಿಗೇ ಸುರಿಯುತ್ತದೆ. ಕೇಳಲು ತಗಡಿನಂತಿದ್ದರೂ ಅರ್ಥವಾಗುತ್ತದೆ. ದೊಡ್ಡ ಕಾರ್ಯಕ್ರಮದ ಸಿಸ್ಟಮ್ ಎಲ್ಲವನ್ನೂ ಕೊಡಲು ಹೋಗಿ ದೂರದವನಿಗೆ ಬೇಸನ್ನಷ್ಟೇ ತಲುಪಿಸುತ್ತದೆ.

ಇದಕ್ಕೆ ಪರಿಹಾರ ಮೈದಾನದ ನಡುವೆ ನಿಲ್ಲಿಸುವ ಇನ್ನೊಂದು ಸ್ಪೀಕರ್ ಗೋಪುರ, ಅಂದರೆ ಡಿಲೇ ಟವರ್. ಸದ್ದು 20 ಡಿಗ್ರಿ ಹವೆಯಲ್ಲಿ ಸೆಕೆಂಡಿಗೆ 343 ಮೀಟರ್ ನಡೆಯುತ್ತದೆ, ತಂತಿಯಲ್ಲಿ ಹೋಗುವ ಸಿಗ್ನಲ್ ಕಣ್ಣು ಮಿಟುಕಿಸುವ ಮೊದಲೇ ತಲುಪಿರುತ್ತದೆ. ವೇದಿಕೆಯಿಂದ 60 ಮೀಟರ್ ದೂರದ ಟವರ್ ಕೂಡಲೇ ಸದ್ದು ಮಾಡಿದರೆ, ಅದೇ ಮಾತು ಮುಖ್ಯ ಸ್ಪೀಕರ್‌ನಿಂದ 175 ಮಿಲಿಸೆಕೆಂಡ್ ತಡವಾಗಿ ಮತ್ತೊಮ್ಮೆ ಬರುತ್ತದೆ. ಪ್ರತಿ ಪದವೂ ಎರಡು ಸಲ. ಹಾಗಾಗಿ ಟವರನ್ನು ಬೇಕೆಂದೇ 175 ಮಿಲಿಸೆಕೆಂಡ್ ತಡೆಹಿಡಿದು, ಮೇಲೆ ಇನ್ನೊಂದು 10–20 ಮಿಲಿಸೆಕೆಂಡ್ ಸೇರಿಸುತ್ತಾರೆ. ಮೊದಲು ಬಂದ ಸದ್ದಿನ ಕಡೆಗೇ ಮನಸ್ಸು ತಿರುಗುವುದರಿಂದ, ಜೋರು ಸದ್ದು ಟವರ್‌ನದ್ದಾದರೂ ಹಾಡು ವೇದಿಕೆಯಿಂದಲೇ ಬಂದಂತೆ ಅನಿಸುತ್ತದೆ. ಈ ಅಳತೆಯನ್ನು ಮಾಡುವುದು ಬಿಸಿಲಿನ ಹೊತ್ತಿನಲ್ಲಿ. ರಾತ್ರಿ ಹವೆ ತಣ್ಣಗಾದಾಗ ಸದ್ದಿನ ವೇಗವೂ ಡಿಗ್ರಿಗೆ 0.6 ಮೀಟರ್‌ನಂತೆ ಇಳಿಯುತ್ತದೆ, ಗಾಳಿ ಬೀಸಿದರೆ ಸದ್ದು ಬಾಗುತ್ತದೆ. ಮತ್ತೆ ಅಳೆದು ಸರಿಪಡಿಸುವ ಎಂಜಿನಿಯರ್ ಇದ್ದರೆ ಸರಿ. ಖರ್ಚು ಉಳಿಸಲು ಆಯೋಜಕರು ಮೊದಲು ಕೈಬಿಡುವ ಸಾಮಾನೂ ಈ ಟವರ್‌ಗಳೇ ಎಂಬುದು ದುಃಖದ ಸಂಗತಿ.

ಬೇಸಿನ ಜಗಳ ಬೇರೆ. 60 ಹರ್ಟ್ಸ್ ಅಲೆಯ ಉದ್ದ ಸುಮಾರು 5.7 ಮೀಟರ್. ಬೇಸಿಗೆಂದೇ ಇರುವ ಸಬ್‌ವೂಫರ್ ಸ್ಪೀಕರ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಹಾಕಿದರೆ, ಒಂದು ಗುಡ್ಡೆಗಿಂತ ಇನ್ನೊಂದು 2.85 ಮೀಟರ್ ದೂರವಾಗುವ ಜಾಗಗಳಲ್ಲೆಲ್ಲ ಒಂದರ ಅಲೆ ಇನ್ನೊಂದನ್ನು ಅಳಿಸುತ್ತದೆ. ನಟ್ಟನಡುವೆ ನಿಂತವನ ಎದೆ ಅದುರುತ್ತಿರುತ್ತದೆ, ನಾಲ್ಕು ಹೆಜ್ಜೆ ಪಕ್ಕದವನಿಗೆ ಬೇಸೇ ಇಲ್ಲ. ಸಬ್‌ಗಳನ್ನು ವೇದಿಕೆಯ ಮುಂದೆ ಉದ್ದಕ್ಕೆ ಒಂದೇ ಸಾಲಿನಲ್ಲಿ ಇಟ್ಟರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಒಳಗೆ ಹೋಗುತ್ತಿದ್ದಂತೆ ಒಮ್ಮೆ ಅತ್ತ ನೋಡಿದರೆ ಅಂದಿನ ರಾತ್ರಿ ಹೇಗಿರಬಹುದು ಎಂಬ ಸುಳಿವು ಸಿಗುತ್ತದೆ.

ಒಳಾಂಗಣದಲ್ಲಿ ಗಾಳಿಯ ಕಾಟವಿಲ್ಲ, ಗೋಡೆಯ ಕಾಟವಿದೆ. ಬ್ಯಾಡ್ಮಿಂಟನ್, ಕಬಡ್ಡಿ, ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ ಕ್ರೀಡಾಂಗಣಗಳಲ್ಲಿ ಕಾಂಕ್ರೀಟು, ತಗಡಿನ ಮಾಡು, ಗಾಜು. ಒಂದು ಚಪ್ಪಾಳೆ ತಟ್ಟಿದರೆ ಪೂರ್ತಿ ಅಡಗಲು ಮೂರು ಸೆಕೆಂಡ್ ಬೇಕಾಗುವುದು ಅಲ್ಲಿ ಮಾಮೂಲು. ನಿಮಿಷಕ್ಕೆ 200 ತಾಳದ ಮೆಟಲ್ ಹಾಡಿನಲ್ಲಿ ಡ್ರಮ್ಮರ್‌ನ ಕಾಲು 75 ಮಿಲಿಸೆಕೆಂಡಿಗೊಂದು ಪೆಟ್ಟು ಹಾಕುತ್ತದೆ. ಮೊದಲ ಪೆಟ್ಟು ಅಡಗುವಷ್ಟರಲ್ಲಿ ಅದರ ಮೇಲೆ ನಲವತ್ತು ಪೆಟ್ಟು ಬಿದ್ದಾಗಿದೆ. ಎಂಥ ಗಟ್ಟಿ ಡ್ರಮ್ಮರ್ ಆದರೂ ಅಲ್ಲಿ ಕೇಳುವುದು ರಾಗಿ ಮಿಲ್ಲಿನ ಸದ್ದು. ನಿಧಾನದ ಹಾಡುಗಳ ಬ್ಯಾಂಡ್ ಅದೇ ಜಾಗದಲ್ಲಿ ಗೆದ್ದು ಬರುತ್ತದೆ.

ವೇದಿಕೆಯ ಮೇಲೆ ಅವರಿಗೇನು ಕೇಳುತ್ತದೆ?

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಹಾಡಿದಾಗ ಎದುರಿಗೆ 55,600 ಜನ. ಅವರ ಬಳಿ ಇದ್ದದ್ದು 100 ವ್ಯಾಟ್‌ನ ವಾಕ್ಸ್ ಆಂಪ್ಲಿಫೈಯರ್‌ಗಳು. ಬೇಸ್‌ಬಾಲ್ ಆಟದ ಪ್ರಕಟಣೆಗೆಂದು ಇಟ್ಟಿದ್ದ ಸ್ಟೇಡಿಯಂ ಸ್ಪೀಕರ್‌ಗಳೂ ಹಾಡಿಗೆ ದುಡಿದವು. ಕಲಾವಿದರ ಕಡೆಗೆ ತಿರುಗಿಸಿದ ಮಾನಿಟರ್ ಸ್ಪೀಕರ್ ಎಂಬುದೇ ಇರಲಿಲ್ಲ. ಅಭಿಮಾನಿಗಳ ಕಿರುಚಾಟದಲ್ಲಿ ತಾವು ಹಾಡುತ್ತಿರುವುದು ಅವರಿಗೇ ಕೇಳುತ್ತಿರಲಿಲ್ಲ. ತನ್ನ ಮುಂದೆ ನಿಂತ ಜೊತೆಗಾರರ ಮೈಕುಣಿತ ನೋಡಿಕೊಂಡು ಹಾಡು ಎಲ್ಲಿದೆ ಎಂದು ಊಹಿಸುತ್ತಿದ್ದುದಾಗಿ ಡ್ರಮ್ಮರ್ ರಿಂಗೋ ಸ್ಟಾರ್ ಮುಂದೆ ಹೇಳಿಕೊಂಡಿದ್ದಾರೆ. ಮರುವರ್ಷ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ ಮೇಲೆ ಅವರು ಟಿಕೆಟ್ ಇಟ್ಟು ಹಾಡುವ ಕಾರ್ಯಕ್ರಮಗಳಿಗೇ ಕೈಮುಗಿದು ಸ್ಟುಡಿಯೋ ಸೇರಿದರು.

ಈಗ ಕಾಲ ಬುಡದಲ್ಲಿ ಮಾನಿಟರ್ ಇದೆ, ಕಿವಿಯೊಳಗೆ ಇನ್‌-ಇಯರ್ ಎಂಬ ಪುಟ್ಟ ಮಾನಿಟರ್ ಇದೆ. ಆದರೂ ‘ಅಣ್ಣಾ, ಮಾನಿಟರ್ ಜಾಸ್ತಿ ಕೊಡಿ’ ಎಂಬ ಬೇಡಿಕೆ ಪ್ರತಿ ವೇದಿಕೆಯಲ್ಲೂ ಕೇಳುತ್ತದೆ. ತನ್ನ ದನಿ ತನಗೆ ಕೇಳದ ಗಾಯಕ ಮೊದಲು ಮಾಡುವುದು ಕೂಗುವುದು. ಕೂಗಿದಾಗ ಶ್ರುತಿ ಮೇಲಕ್ಕೆ ಜಾರುತ್ತದೆ, ಐದನೇ ಹಾಡಿಗೆ ಗಂಟಲು ಕಟ್ಟುತ್ತದೆ. ಮಾನಿಟರ್ ಜಾಸ್ತಿ ಮಾಡಿದರೆ ಅದರ ಸದ್ದು ಮತ್ತೆ ಮೈಕಿಗೆ ಹೊಕ್ಕು ‘ಕುಯ್ಯ್’ ಎನ್ನುತ್ತದೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಈ ಕುಯ್‌ಗುಡುವಿಕೆಗೆ 3 ಡೆಸಿಬೆಲ್ ಹತ್ತಿರವಾದಂತೆ. ಒಂದು ಮೈಕಿನ ಜಾಗದಲ್ಲಿ ಹದಿನಾರು ತೆರೆದರೆ 12 ಡೆಸಿಬೆಲ್.

ಮೈಕನ್ನು ಹಿಡಿಯುವ ಕೈಯನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ತುಟಿಯಿಂದ 2 ಸೆಂಟಿಮೀಟರ್‌ನಲ್ಲಿದ್ದ ಮೈಕು 20 ಸೆಂಟಿಮೀಟರ್‌ಗೆ ಹೋದರೆ ದನಿ 20 ಡೆಸಿಬೆಲ್ ಕುಸಿಯುತ್ತದೆ, ಹಿಂದಿನ ಡ್ರಮ್ಸ್ ಮಾತ್ರ ಅಷ್ಟೇ ಜೋರಾಗಿ ಒಳಬರುತ್ತಿರುತ್ತದೆ. ಸೌಂಡ್‌ನವನು ದನಿ ಏರಿಸಿದರೆ ಏರುವುದು ಡ್ರಮ್ಸೇ. ಇನ್ನು ರ್‍ಯಾಪರ್‌ಗಳು, ಮೆಟಲ್ ಗಾಯಕರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಶೋಕಿ. ಈ ಮೈಕುಗಳು ಹಿಂದಿನ ಸದ್ದನ್ನು ಬಿಟ್ಟು ಮುಂದಿನದನ್ನು ಮಾತ್ರ ಹಿಡಿಯುವುದು ಜಾಲರಿಯ ಹಿಂಬದಿಯ ಕಿಂಡಿಗಳಿಂದ. ಅವನ್ನು ಮುಚ್ಚಿದರೆ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತದೆ, ಗಾಯಕನ ದನಿ ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ, ಮಾನಿಟರ್ ಕುಯ್‌ಗುಡುತ್ತದೆ. ಬೈಗುಳ ಸೌಂಡ್‌ನವನಿಗೆ.

ಚಿಕ್ಕ ಪಬ್‌ಗಳಲ್ಲಿ ಇದು ಇನ್ನೂ ಸೂಕ್ಷ್ಮ. ಮೈಕೇ ಇಲ್ಲದೆ ಡ್ರಮ್ ಕಿಟ್ 100 ಡೆಸಿಬೆಲ್ ದಾಟುತ್ತದೆ. ಅದನ್ನು ಕೇಳಿ ಗಿಟಾರ್‌ನವನು ಆಂಪ್ ಏರಿಸುತ್ತಾನೆ, ಅವನನ್ನು ಕೇಳಿ ಬೇಸ್‌ನವನು. ದನಿಯನ್ನು ಇವೆಲ್ಲದರ ಮೇಲೆ ಕೂರಿಸುವಷ್ಟು ಜಾಗ ಆ ಕೋಣೆಯಲ್ಲಿ ಉಳಿದಿರುವುದಿಲ್ಲ. ಇಂಥಲ್ಲಿ ಎಲ್ಲರ ಸದ್ದು ಹೊಂದಿಸುವ ಮಿಕ್ಸರ್‌ನ ಮುಂದೆ ಕೂತವನು ನಿಜಕ್ಕೂ ಮಾಡಬಹುದಾದದ್ದು ಒಂದೇ, ಆಂಪ್ ಇಳಿಸಿ ಎಂದು ಬೇಡಿಕೊಳ್ಳುವುದು.

ಈ ಗಂಟನ್ನು ಬಿಡಿಸಲು ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್ 1974ರಲ್ಲಿ ಒಂದು ಹುಚ್ಚು ಸಾಹಸ ಮಾಡಿತು. ‘ವಾಲ್ ಆಫ್ ಸೌಂಡ್’ ಎಂಬ, ಸುಮಾರು 75 ಟನ್ ತೂಕದ ಸ್ಪೀಕರ್ ಗೋಡೆಯನ್ನು ತಮ್ಮ ಬೆನ್ನ ಹಿಂದೆಯೇ ನಿಲ್ಲಿಸಿದರು. ಜನ ಕೇಳುವುದನ್ನೇ ತಾವೂ ಕೇಳಬೇಕು, ಬೇರೆ ಮಾನಿಟರ್ ಬೇಡ ಎಂಬುದು ಲೆಕ್ಕ. ಗೋಡೆಯ ಸದ್ದು ಮೈಕಿಗೆ ಬರದಿರಲು ಪ್ರತಿ ಗಾಯಕನಿಗೂ ಒಂದರ ಮೇಲೊಂದರಂತೆ ಎರಡು ಮೈಕು, ಒಂದಕ್ಕೆ ಇನ್ನೊಂದು ಉಲ್ಟಾ. ದೂರದ ಸದ್ದು ಎರಡಕ್ಕೂ ಸಮನಾಗಿ ಬಿದ್ದು ಅಳಿಸಿಹೋಗುತ್ತದೆ, ಒಂದರ ಮುಂದೆ ಮಾತ್ರ ಹಾಡಿದ ದನಿ ಉಳಿಯುತ್ತದೆ. ಸದ್ದಿನ ಸ್ಪಷ್ಟತೆಯನ್ನು ಇಂದಿಗೂ ಹೊಗಳುತ್ತಾರೆ, ದನಿ ಮಾತ್ರ ಸೊರಗಿತ್ತು. ಲಾರಿ, ಕೂಲಿ, ಡೀಸೆಲ್ ಖರ್ಚಿಗೆ ಬೆದರಿ ಅದೇ ವರ್ಷದ ಅಕ್ಟೋಬರ್‌ಗೆ ಗೋಡೆಯನ್ನು ಕಳಚಿಟ್ಟರು.

ಶ್ರುತಿ, ಗಂಟಲು, ಟೇಪು

ಇನ್ನು ನಿಜವಾಗಿ ಬ್ಯಾಂಡ್ ಕಡೆಯ ತಪ್ಪುಗಳು. 1985ರ ಜುಲೈ 13ರಂದು ಲೈವ್ ಏಡ್ ಎಂಬ ಸಹಾಯಾರ್ಥ ಕಾರ್ಯಕ್ರಮಕ್ಕಾಗಿ ಫಿಲಡೆಲ್ಫಿಯಾದಲ್ಲಿ ಲೆಡ್ ಝೆಪ್ಪೆಲಿನ್ ಬ್ಯಾಂಡ್‌ನ ಉಳಿದ ಮೂವರು ಮತ್ತೆ ಒಂದಾದರು. ತೀರಿಹೋಗಿದ್ದ ಡ್ರಮ್ಮರ್‌ನ ಜಾಗದಲ್ಲಿ ಇಬ್ಬರು. ಅವರಲ್ಲಿ ಫಿಲ್ ಕಾಲಿನ್ಸ್ ಅದೇ ದಿನ ಲಂಡನ್ನಿನಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ ಬಂದವರು. ಅಭ್ಯಾಸ ಅಷ್ಟಕ್ಕಷ್ಟೇ, ಗಾಯಕ ರಾಬರ್ಟ್ ಪ್ಲಾಂಟ್ ಗಂಟಲು ಒಡೆದಿತ್ತು, ಜಿಮ್ಮಿ ಪೇಜ್ ಗಿಟಾರ್‌ನ ಶ್ರುತಿ ಕೂಡಿರಲಿಲ್ಲ, ಮಾನಿಟರ್ ಕೈಕೊಟ್ಟಿತ್ತು. ಮುಂದೆ ಆ ಕಾರ್ಯಕ್ರಮ ಡಿವಿಡಿಯಾಗಿ ಬಂದಾಗ ತಮ್ಮ ಭಾಗ ಬೇಡವೇ ಬೇಡ ಎಂದು ಹಿಡಿದು ನಿಂತರು. ಮೇಲೆ ಹೇಳಿದ ಅಷ್ಟೂ ಕೇಡುಗಳು ಇಪ್ಪತ್ತು ನಿಮಿಷದಲ್ಲಿ ಒಟ್ಟಿಗೆ ಬಂದ ಅಪರೂಪದ ಉದಾಹರಣೆ ಇದು.

ಶ್ರುತಿ ತಪ್ಪಲು ಸೋಮಾರಿತನವೇ ಬೇಕಿಲ್ಲ. ಏಸಿ ಕೋಣೆಯಲ್ಲಿ ಶ್ರುತಿ ಮಾಡಿದ ಗಿಟಾರನ್ನು ಬಿಸಿ ಲೈಟುಗಳ ಕೆಳಗೆ ತಂದರೆ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಕೀಬೋರ್ಡ್ ಇಳಿಯುವುದಿಲ್ಲ. ಎರಡೂ ಒಟ್ಟಿಗೆ ನುಡಿದಾಗ ಎತ್ತು ಏರಿಗೆ, ಕೋಣ ನೀರಿಗೆ. ಅರ್ಧ ಗಂಟೆ ಮೊದಲೇ ವಾದ್ಯಗಳನ್ನು ವೇದಿಕೆಯ ಬದಿಗೆ ತಂದಿಡುವುದು, ಪ್ರತಿ ಎರಡು ಹಾಡಿಗೆ ಗಿಟಾರ್ ಬದಲಿಸುವುದು ಇದಕ್ಕೇ.

ಉತ್ಸಾಹವೂ ಕೆಡಿಸುತ್ತದೆ. ನಿಮಿಷಕ್ಕೆ 120 ತಾಳದ ಹಾಡು ಜನರ ಕೂಗಿಗೆ 126ಕ್ಕೆ ಏರಿದರೆ ನಾಲ್ಕು ನಿಮಿಷದ್ದು 3 ನಿಮಿಷ 49 ಸೆಕೆಂಡಿಗೆ ಮುಗಿಯುತ್ತದೆ. ಕಳೆದ 11 ಸೆಕೆಂಡು ಎಲ್ಲಿಂದ ಬಂತು? ಗಾಯಕ ಉಸಿರೆಳೆದುಕೊಳ್ಳುವ ಸಂದುಗಳಿಂದ. ಅದಕ್ಕೇ ಸಾಲಿನ ಕೊನೆಯ ಪದ ನುಂಗಿಹೋಗುವುದು.

ಅಭಿಮಾನಿ ಹೋಲಿಸುವ ಆಲ್ಬಮ್ ಯಾವ ಕೋಣೆಯಲ್ಲೂ ಒಂದೇ ಬಾರಿಗೆ ನಡೆದದ್ದಲ್ಲ. ಹತ್ತಿಪ್ಪತ್ತು ಸಲ ಹಾಡಿಸಿ ಒಳ್ಳೆಯ ಸಾಲು, ಕೆಲವೊಮ್ಮೆ ಒಳ್ಳೆಯ ಅಕ್ಷರ, ಆಯ್ದು ಹೊಲಿದ ಕೌದಿ ಅದು. 1997ರಲ್ಲಿ ಆಟೋ-ಟ್ಯೂನ್ ಎಂಬ ಶ್ರುತಿ ತಿದ್ದುವ ಸಾಫ್ಟ್‌ವೇರ್ ಬಂದ ಮೇಲೆ ಶ್ರುತಿಯನ್ನೂ ಮೌಸ್‌ನಿಂದ ಎಳೆದು ಕೂರಿಸಬಹುದು. ಪಲ್ಲವಿಯಲ್ಲಿ ಕೇಳುವ ‘ಗುಂಪು’ ಒಬ್ಬನೇ ಎಂಟು ಬಾರಿ ಹಾಡಿದ್ದಿರಬಹುದು. ನಾಲ್ಕು ಜನ ವೇದಿಕೆಯಲ್ಲಿ ಅದನ್ನು ಕೊಡುವುದಾದರೂ ಹೇಗೆ? ಎರಡು ದಾರಿ. ಹಾಡನ್ನು ಬಿಚ್ಚಿ ನಾಲ್ವರಿಗೆ ತಕ್ಕಂತೆ ಮತ್ತೆ ಕಟ್ಟುವುದು, ಇದು ಕಷ್ಟ. ಲ್ಯಾಪ್‌ಟಾಪ್‌ನಿಂದ ಉಳಿದ ಸದ್ದುಗಳನ್ನು ಬಿಡುವುದು, ಇದು ಸುಲಭ.

ಮೊದಲೇ ಮುದ್ರಿಸಿಟ್ಟ ಈ ಟ್ರ್ಯಾಕ್ ಇದ್ದಾಗ ಡ್ರಮ್ಮರ್ ಕಿವಿಯಲ್ಲಿ ಟಿಕ್ ಟಿಕ್ ಎಂದು ಕ್ಲಿಕ್ ಓಡುತ್ತಿರುತ್ತದೆ. ಲೈಟು, ಪರದೆಯ ವಿಡಿಯೋ ಎಲ್ಲವೂ ಅದರ ಹಿಂದೆಯೇ. ಜನ ಮೈಮರೆತು ಕುಣಿಯುತ್ತಿದ್ದಾರೆಂದು ಇನ್ನೊಂದು ಸುತ್ತು ಪಲ್ಲವಿ ಹಾಡಲು ಬರುವುದಿಲ್ಲ, ಏಕೆಂದರೆ ಟ್ರ್ಯಾಕ್ ಕಾಯುವುದಿಲ್ಲ. ಯಾರಾದರೂ ಒಂದು ಆವರ್ತ ಜಾರಿದರೆ ಇಡೀ ಹಾಡು ಪಕ್ಕಕ್ಕೆ ಸರಿಯುತ್ತದೆ. ಎಚ್ಚರದ ತಂಡಗಳು ಎರಡು ಲ್ಯಾಪ್‌ಟಾಪ್ ಜೊತೆಜೊತೆಗೆ ಓಡಿಸಿ, ಒಂದು ನಿಂತರೆ ತಾನೇ ಇನ್ನೊಂದಕ್ಕೆ ಹಾರುವ ಸ್ವಿಚ್ ಇಟ್ಟಿರುತ್ತವೆ. 1989ರ ಜುಲೈನಲ್ಲಿ ಅಮೆರಿಕದ ಬ್ರಿಸ್ಟಲ್‌ನಲ್ಲಿ ಮಿಲ್ಲಿ ವನಿಲ್ಲಿ ಎಂಬ ಪಾಪ್ ಜೋಡಿಗೆ ಆ ಸೌಕರ್ಯ ಇರಲಿಲ್ಲ. ಟ್ರ್ಯಾಕ್ ಸಿಕ್ಕಿಹಾಕಿಕೊಂಡು ಒಂದೇ ಸಾಲನ್ನು ಒದರತೊಡಗಿತು. ಹಾಡಿದವರೇ ಬೇರೆ ಎಂಬುದು ಮರುವರ್ಷ ಬಯಲಾಗಿ ಗ್ರ್ಯಾಮಿ ಪ್ರಶಸ್ತಿ ವಾಪಸು ಹೋಯಿತು.

ಎಲ್ಲ ಟ್ರ್ಯಾಕೂ ಮೋಸವಲ್ಲ. 2014ರ ಫೆಬ್ರವರಿ 2ರಂದು ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಫೈನಲ್‌ನ ಮಧ್ಯಂತರದಲ್ಲಿ ರೆಡ್ ಹಾಟ್ ಚಿಲಿ ಪೆಪರ್ಸ್ ಬ್ಯಾಂಡ್‌ನ ಗಿಟಾರ್, ಬೇಸ್ ಎರಡಕ್ಕೂ ವೈರೇ ಇರಲಿಲ್ಲ, ನೋಡಿದವರು ಕೂಡಲೇ ಹಿಡಿದರು. ಕೆಲವೇ ನಿಮಿಷದಲ್ಲಿ ವೇದಿಕೆ ಕಟ್ಟಿ ಕಳಚಬೇಕಾದ ಕಡೆ ವಾದ್ಯಗಳ ಲೈವ್ ಬೇಡ ಎಂದು ಆಯೋಜಕರೇ ಷರತ್ತು ಹಾಕಿದ್ದರು, ಹಾಡಿದ್ದು ಮಾತ್ರ ಲೈವ್ ಎಂದು ಬೇಸ್ ನುಡಿಸುವ ಫ್ಲೀ ಬಹಿರಂಗವಾಗಿ ಬರೆದರು. ವೈರನ್ನು ನೆಪಕ್ಕಾದರೂ ಸಿಕ್ಕಿಸಿಕೊಳ್ಳದೆ ಬಂದದ್ದು ನನ್ನ ಮಟ್ಟಿಗೆ ಪ್ರಾಮಾಣಿಕತೆಯೇ.

ಗಡಿಯಾರ

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ನಮ್ಮಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಸಾಂಸ್ಕೃತಿಕ ಇಲ್ಲವೇ ಧಾರ್ಮಿಕ ಸಂದರ್ಭಕ್ಕೆ, ರಾಜ್ಯ ಸರ್ಕಾರ 12ರವರೆಗೆ ಬಿಡಬಹುದು. ಬೆಂಗಳೂರಿನ ಮೈದಾನದಲ್ಲಿ 8ಕ್ಕೆ ಬರಬೇಕಾದ ಬ್ಯಾಂಡ್ 8.40ಕ್ಕೆ ಬಂದರೆ ಆ 40 ನಿಮಿಷ ಕೊನೆಯಿಂದಲೇ ಕಡಿತ. ಕೊನೆಗೆಂದು ಉಳಿಸಿಟ್ಟದ್ದೇ ಜನ ಕಾದುಕುಳಿತ ಎಂಟು ಹಾಡುಗಳು.

ಸಂಗೀತೋತ್ಸವಗಳಲ್ಲಿ ಒಂದು ತಂಡ ಇಳಿದು ಇನ್ನೊಂದು ಏರಲು ಸಿಗುವುದು 20–30 ನಿಮಿಷ. ಅದರಲ್ಲಿ ಸೌಂಡ್‌ಚೆಕ್ ಆಗುವುದಿಲ್ಲ, ಪ್ರತಿ ವೈರಿನಲ್ಲಿ ಸದ್ದು ಬರುತ್ತಿದೆಯೇ ಎಂಬ ಲೈನ್‌ಚೆಕ್ ಅಷ್ಟೇ. ಹಾಗಾಗಿ ಮೊದಲೆರಡು ಹಾಡುಗಳೇ ಅವರ ಸೌಂಡ್‌ಚೆಕ್, ಟಿಕೆಟ್ ಕೊಂಡವರ ಮುಂದೆ. ಸಂಜೆ ಖಾಲಿ ಮೈದಾನದಲ್ಲಿ ಹೊಂದಿಸಿದ್ದೂ ಹಾಗೇ ನಿಲ್ಲುವುದಿಲ್ಲ, ಸಾವಿರಾರು ಮೈಗಳು, ಬಟ್ಟೆಗಳು ತಾರಸ್ಥಾಯಿಯನ್ನು ಹೀರುತ್ತವೆ.

1992ರ ಆಗಸ್ಟ್ 8ರಂದು ಮಾಂಟ್ರಿಯಲ್‌ನಲ್ಲಿ ಗಡಿಯಾರ, ಬೆಂಕಿ, ಗಂಟಲು ಮೂರೂ ಕೂಡಿಬಂದವು. ಮೆಟಾಲಿಕಾ ಬ್ಯಾಂಡ್‌ನ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ವೇದಿಕೆಯ ಬೆಂಕಿಯಾಟಕ್ಕೆ ಸಿಕ್ಕಿ ಸುಟ್ಟುಕೊಂಡು ಅವರ ಕಛೇರಿ ಅರ್ಧಕ್ಕೇ ನಿಂತಿತು. ಮುಂದಿನ ಬ್ಯಾಂಡ್ ಗನ್ಸ್ ಎನ್ ರೋಸಸ್ ಬಂದದ್ದು ಎರಡು ಗಂಟೆಗೂ ಹೆಚ್ಚು ಕಾಯಿಸಿ, ಮಾನಿಟರ್ ಸರಿಯಾಗಿ ಹೊಂದಿರಲಿಲ್ಲ, ಅದರ ಗಾಯಕ ಆಕ್ಸಲ್ ರೋಸ್ ಗಂಟಲು ನೆಪವಾಗಿ ಬೇಗ ಇಳಿದುಹೋದರು. ಹೊರಗೆ ದೊಂಬಿಯಾಯಿತು. ನಮ್ಮ ಕಡೆ ಕೆಟ್ಟದ್ದು ಹೆಚ್ಚಾಗಿ ಬೇಲಿಯಿಂದ: 2011ರ ಅಕ್ಟೋಬರ್ 28ರಂದು ಗುರುಗ್ರಾಮದಲ್ಲಿ ಮುಂದಿನ ಬ್ಯಾರಿಕೇಡ್ ತಡೆಯದೆ ಮೆಟಾಲಿಕಾ ಒಂದು ಹಾಡನ್ನೂ ಹಾಡಲಿಲ್ಲ. ಎರಡು ದಿನದ ಮೇಲೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ಬ್ಯಾಂಡ್ ಪೂರ್ತಿ ಹಾಡಿತು.

ಹಾಡುಗಳ ಪಟ್ಟಿಯ ಅಸಮಾಧಾನ ಬರೀ ಲೆಕ್ಕ. ಹತ್ತು ಆಲ್ಬಮ್‌ನ ಬ್ಯಾಂಡ್‌ಗೆ ನೂರು ಹಾಡು, 90 ನಿಮಿಷದಲ್ಲಿ ಮಾತುಕತೆ ಕಳೆದು ಹದಿನೆಂಟು. 2017ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಎ.ಆರ್. ರೆಹಮಾನ್ ಕಛೇರಿಗೆ ಹೆಸರೇ ತಮಿಳಿನಲ್ಲಿತ್ತು. ಆದರೂ ಹಿಂದಿ ಹಾಡು ಕಡಿಮೆಯಾಯಿತೆಂದು ಕೆಲವರು ಎದ್ದು ಹೋದರು. ಅಲ್ಲಿ ಕೆಟ್ಟದ್ದು ಸದ್ದಲ್ಲ, ಪೋಸ್ಟರ್ ಓದುವ ತಾಳ್ಮೆ.

ಎಲ್ಲಿ ನಿಲ್ಲಬೇಕು?

ಮೈದಾನದ ನಡುವೆ, ವೇದಿಕೆಯಿಂದ 25–35 ಮೀಟರ್ ದೂರದಲ್ಲಿ, ಮಿಕ್ಸರ್ ಇಟ್ಟ ಸಣ್ಣ ಚಪ್ಪರ ಇರುತ್ತದೆ. ಇಡೀ ಸದ್ದನ್ನು ಹೊಂದಿಸುವವನು ಕೇಳುವುದು ಅಲ್ಲಿಂದ. ಅದರ ಮುಂದೆ ನಿಂತರೆ ಅವನು ಕೇಳಿದ್ದೇ ನಿಮಗೂ. ವೇದಿಕೆಗೆ ಅಂಟಿಕೊಂಡ ದುಬಾರಿ ಜಾಗದಲ್ಲಿ ಮುಖ್ಯ ಸ್ಪೀಕರ್‌ಗಳು ತಲೆಯ ಮೇಲಿಂದ ಹಾರಿಹೋಗುತ್ತವೆ, ಕೆಳಗೆ ಸಿಗುವುದು ಸಬ್‌ನ ಗುದ್ದು ಮತ್ತು ಆಂಪಿನ ಸದ್ದು. ಮುಖ ನೋಡಲು ಅದು ಚೆನ್ನ, ಕೇಳಲು ಅಲ್ಲ. ಸಭಾಂಗಣವಾದರೆ ಬಾಲ್ಕನಿಯ ಕೆಳಗಿನ ಕೊನೆಯ ಸಾಲು ಬೇಡ.

ಕಿವಿಗೆ 15–20 ಡೆಸಿಬೆಲ್ ಇಳಿಸುವ, ಎಲ್ಲ ಸ್ಥಾಯಿಯನ್ನೂ ಸಮನಾಗಿ ತಗ್ಗಿಸುವ ಪ್ಲಗ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಶಿಫಾರಸು ಮಾಡಿದ ಮಿತಿ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ಪ್ಲಗ್ ಇಲ್ಲದೆ ಒಂದು ಗಂಟೆ ಕಳೆದರೆ ಕಿವಿ ತಾನೇ ದಣಿದು ಮೇಲಿನ ಸ್ಥಾಯಿಗಳನ್ನು ಕೈಬಿಡುತ್ತದೆ. ಕೊನೆಯ ಹಾಡುಗಳು ಮಂಕಾಗಿ ಕೇಳಿದರೆ ಮಂಕಾದದ್ದು ಬ್ಯಾಂಡ್ ಅಲ್ಲ. ಮಿಕ್ಸರ್‌ನವನ ಕಿವಿಯೂ ದಣಿಯುತ್ತದೆ, ಅವನು ತಾರಸ್ಥಾಯಿ ಏರಿಸುತ್ತಾನೆ, ಆಗತಾನೇ ಒಳಬಂದವನಿಗೆ ಅದು ಸೂಜಿ ಚುಚ್ಚಿದಂತೆ. ಮನೆಗೆ ಬಂದು ಫೋನಿನ ವಿಡಿಯೋ ನೋಡಿ ಯಾರನ್ನೂ ಅಳೆಯಬೇಡಿ. ಅಷ್ಟು ಸದ್ದಿಗೆ ಫೋನಿನ ಮೈಕು ಒಡೆಯುತ್ತದೆ, ಪುಟ್ಟ ಸ್ಪೀಕರ್ ಬೇಸನ್ನು ಹೊರಡಿಸಲಾರದು.

ತೀರ್ಪು ಕೊಡುವ ಮೊದಲು ಎರಡು ಹಾಡು ಬಿಟ್ಟುಬಿಡಿ. ಮೂರನೆಯದು ನಡೆಯುತ್ತಿರುವಾಗ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ, ಇಪ್ಪತ್ತು ಹೆಜ್ಜೆ ಮುಂದಕ್ಕೆ ನಡೆದು ಕೇಳಿ. ಬೇಸ್ ಹೋಗಿ ಬಂದರೆ, ಮಾತು ತಿಳಿಯತೊಡಗಿದರೆ, ದೂರು ಆಯೋಜಕರ ಮೇಲೆ. ಎಲ್ಲಿ ನಿಂತರೂ ದನಿಯೊಂದೇ ಮುಳುಗಿದ್ದರೆ ಮಿಕ್ಸರ್‌ನವನ ಮೇಲೆ, ಇಲ್ಲವೇ ಮೈಕು ಹಿಡಿದ ಮುಷ್ಟಿಯ ಮೇಲೆ. ಎಷ್ಟು ನಡೆದರೂ ಗಿಟಾರ್ ಕೀಬೋರ್ಡಿಗಿಂತ ಒಂದು ಕೂದಲೆಳೆ ಕೆಳಗೇ ನುಡಿಯುತ್ತಿದ್ದರೆ, ಆಗ ಧಾರಾಳವಾಗಿ ಬ್ಯಾಂಡನ್ನೇ ಬೈಯಿರಿ.